ಕೊಕ್ಕೆ ಇಲ್ಲದ ವಿಮಾನ

ಕಕ್ಕೇರಾದಿಂದ ಸಮುದ್ರ ಬಹಳ ದೂರ. ನಮ್ಮ ಕಡೆಯ ಮಕ್ಕಳಿಗೆ ದೊಡ್ಡ ನೀರೆಂದರೆ ನಾರಾಯಣಪುರ ಜಲಾಶಯ. ಹಾಗಾಗಿ ಇಲ್ಲಿನ ಶಾಲೆಯೊಂದರ ವಸ್ತುಪ್ರದರ್ಶನದಲ್ಲಿ ವಿಮಾನವಾಹಕ ನೌಕೆಯ ಮಾದರಿ ಕಂಡು ಖುಷಿಯೇ ಆಯಿತು. ಪಿಎಚ್.ಡಿ. ಮಾಡುತ್ತಿದ್ದೇನೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ತೀರ್ಪುಗಾರನಾಗಿ ಕೂರಿಸಿದ್ದರು. ಥರ್ಮಾಕೋಲಿನ ಹಡಗು, ಮೇಲೆ ಎರಡಂತಸ್ತಿನ ರೆಕ್ಕೆಯ ಪುಟ್ಟ ವಿಮಾನ, ಮುಂದೊಂದು ಚೀಟಿ: 'ಚಲಿಸುವ ಹಡಗಿನ ಮೇಲೆ ಮೊದಲ ಇಳಿಕೆ, 1917'.

ಚೀಟಿ ಸರಿ, ಹಡಗು ತಪ್ಪು. ತುದಿಯಿಂದ ತುದಿಗೆ ಸಪಾಟು ಡೆಕ್, ಮೂತಿ ಮೇಲಕ್ಕೆ ಬಾಗಿದೆ. ಕಾರವಾರದಲ್ಲಿ ನೆಲೆ ಇರುವ ಐಎನ್‌ಎಸ್ ವಿಕ್ರಮಾದಿತ್ಯದ ಫೋಟೋ ನೋಡಿ ಕತ್ತರಿಸಿದ್ದು. ಬಾಗಿದ ಮೂತಿ 1970ರ ದಶಕದ ಆವಿಷ್ಕಾರ. ಸಾಲದ್ದಕ್ಕೆ ಡೆಕ್ಕಿಗೆ ಅಡ್ಡ ತಂತಿಗಳು, ವಿಮಾನದ ಬಾಲಕ್ಕೆ ಕೊಕ್ಕೆ. ನಾನು ಅಂಕ ಕಡಿಮೆ ಹಾಕಿದ್ದಕ್ಕೆ ಪಕ್ಕದಲ್ಲಿದ್ದ ಮಾಸ್ತರರು, "ಚೆಂದ ಅದ ಬಿಡ್ರಿ ಸರ್. ಕೊಕ್ಕೆ ಇದ್ರೇನು, ಇಲ್ಲದಿದ್ರೇನು?" ಎಂದರು.

ಆ ಕೊಕ್ಕೆಯಲ್ಲೇ ಎಲ್ಲಾ ಇದೆ ಮಾಸ್ತರೇ.

1917ರ ಆಗಸ್ಟ್ 2ರಂದು ಎಡ್ವಿನ್ ಡನ್ನಿಂಗ್ ಸಾಪ್‌ವಿತ್ ಪಪ್ ವಿಮಾನವನ್ನು ಇಳಿಸಿದ ಎಚ್‌ಎಂಎಸ್ ಫ್ಯೂರಿಯಸ್ ಅರ್ಧ ಯುದ್ಧನೌಕೆ, ಅರ್ಧ ವಿಮಾನವಾಹಕ. ಡೆಕ್ ಇದ್ದದ್ದು ಮುಂಭಾಗದಲ್ಲಿ ಮಾತ್ರ, ಅದೂ ಹಾರಿಹೋಗಲೆಂದು ಮಾಡಿದ್ದು. ನಡುವೆ ಹೊಗೆಕೊಳವೆ, ಹಿಂದೆ 18 ಇಂಚಿನ ಫಿರಂಗಿ. ಇಳಿಯಬೇಕಾದರೆ ಹಡಗಿನ ಪಕ್ಕದಲ್ಲೇ ಹಾರಿ, ನಡುವಿನ ಕಟ್ಟಡವನ್ನು ದಾಟಿ, ಅಡ್ಡಕ್ಕೆ ಜಾರಿ ಡೆಕ್ಕಿನ ಮೇಲೆ ಬರಬೇಕಿತ್ತು. ಕೊಕ್ಕೆ ಇರಲಿಲ್ಲ. ವಿಮಾನಕ್ಕೆ ಪಟ್ಟಿಗಳನ್ನು ಕಟ್ಟಿದ್ದರು; ಹಡಗಿನ ಮೇಲಿದ್ದವರು ಓಡಿಬಂದು ಅವನ್ನು ಹಿಡಿದು ಕೆಳಗೆಳೆದರು. ಐದು ದಿನ ಬಿಟ್ಟು ಮತ್ತೆ ಇಳಿಯಲು ಹೋದಾಗ ವಿಮಾನ ಬಲಬದಿಯಿಂದ ಸಮುದ್ರಕ್ಕೆ ಉರುಳಿತು. ಡನ್ನಿಂಗ್ ಮುಳುಗಿ ಸತ್ತರು. ವಯಸ್ಸು 25.

ಈಗ ಆ ಥರ್ಮಾಕೋಲ್ ಹಡಗನ್ನು ನೋಡಿ. ಇಷ್ಟು ಉದ್ದದ ಡೆಕ್, ಇಷ್ಟು ತಂತಿ, ಗಟ್ಟಿ ಕೊಕ್ಕೆ ಇದ್ದ ಮೇಲೆ ಆ ಮನುಷ್ಯ ಸತ್ತದ್ದಾದರೂ ಯಾಕೆ? ಮಾದರಿಯ ಪ್ರಕಾರ ಅವರಿಗೆ ವಿಮಾನ ಓಡಿಸಲು ಬರುತ್ತಿರಲಿಲ್ಲ, ಅಷ್ಟೆ. ಓಡಿಬಂದು ಪಟ್ಟಿ ಹಿಡಿದವರಂತೂ ಇರಲೇ ಇಲ್ಲ.

ಮೊಳೆ ಎಣಿಸುವ ಚಟ ಎಂದು ನಗುವವರಿದ್ದಾರೆ. ನಾನು ಕೇಳುತ್ತಿರುವುದು ಅದಲ್ಲ. ಪಪ್‌ನ ರೆಕ್ಕೆಯ ಹರವು ಸುಮಾರು 8 ಮೀಟರ್; 72ರಲ್ಲಿ ಒಂದರ ಅಳತೆಯಲ್ಲಿ 11 ಸೆಂಟಿಮೀಟರ್. ಅಷ್ಟರಲ್ಲಿ ರೆಕ್ಕೆಗಳ ನಡುವಿನ ಸಣ್ಣ ತಂತಿಗಳನ್ನು ಬಿಟ್ಟರೆ ನನ್ನ ತಕರಾರಿಲ್ಲ, ಬಿಡಲೇಬೇಕಾಗುತ್ತದೆ. ಇಲ್ಲದ್ದನ್ನು ತಂದು ಅಂಟಿಸುವುದು ಬೇರೆ ಮಾತು. ಎರಡು ರೆಕ್ಕೆ ಇದ್ದರೆ ಕೊಕ್ಕೆ ಇರಬಾರದು ಎಂದೂ ಅಲ್ಲ: 1940ರಲ್ಲಿ ಟರಾಂಟೊ ಬಂದರಿನ ಮೇಲೆ ದಾಳಿ ಮಾಡಿದ ಸ್ವೋರ್ಡ್‌ಫಿಶ್‌ಗೆ ಇತ್ತು. ಡನ್ನಿಂಗ್‌ಗಿಂತ ಆರು ವರ್ಷ ಮೊದಲೇ, 1911ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಲಂಗರು ಹಾಕಿ ನಿಂತ ಹಡಗಿನ ಮೇಲೆ ಯೂಜೀನ್ ಈಲಿ ಇಳಿದದ್ದು ಕೊಕ್ಕೆಯಿಂದಲೇ, ಮರಳುಚೀಲ ಕಟ್ಟಿದ ಹಗ್ಗಗಳಿಗೆ ಸಿಕ್ಕಿಸಿ. ಮೊದಲು ಇದ್ದದ್ದು ಆಮೇಲೆ ಇಲ್ಲದಿರಬಹುದು. ಊಹೆಯಿಂದ ಮಾದರಿ ಕಟ್ಟುವವರಿಗೆ ಇದು ಹೊಳೆಯುವುದೇ ಇಲ್ಲ.

1858ರ ಸುರಪುರದ ನಾಟಕದಲ್ಲಿ ರಾಜಾ ವೆಂಕಟಪ್ಪ ನಾಯಕರ ಕೈಗೆ ಯಾರಾದರೂ ಎಕೆ-47 ಕೊಡಲಿ, ಇದೇ ಮಾಸ್ತರರು ವೇದಿಕೆ ಹತ್ತುತ್ತಾರೆ. ದೂರದ ಇತಿಹಾಸಕ್ಕೆ ಮಾತ್ರ ಯಾಕೆ ಈ ಉದಾರತನ? ಹಳೆಯ ವಿಕ್ರಾಂತನ್ನೂ 2014ರಲ್ಲಿ ಒಡೆಯಲು ಶುರುಮಾಡಿದರು; ನಮ್ಮ ಮುಂದಿನವರು ಅದನ್ನು ನೋಡುವುದು ಫೋಟೋ ಮತ್ತು ಮಾದರಿಗಳಲ್ಲೇ.

ಮೊದಲ ಬಹುಮಾನ ಅದಕ್ಕೇ ಬಂತು. ಸಂಜೆ ಆ ಹುಡುಗನಿಗೆ ಪಟ್ಟಿಗಳ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಹಂಗಾದ್ರ ದಾರ ಕಟ್ಟಿ ಮನಷ್ಯಾರನ್ನ ನಿಲ್ಲಿಸ್ಬೇಕೇನ್ರಿ ಸರ್?"

"ಹೌದು."

ಕೊಕ್ಕೆ ಕಿತ್ತ. ಜೊತೆಗೆ ಬಾಲದ ಬಣ್ಣವೂ ಕಿತ್ತುಬಂತು.