ಹಿಡಿದು ಬಿಡುವ ಬೇಟೆ

ಬೇಟೆಗೆ ಹೋದವನು ಬರಿಗೈಯಲ್ಲಿ ಮರಳಿದರೆ ನೆರೆಹೊರೆಯವರು ನಗುವುದು ಲೋಕರೂಢಿ. ಆದರೆ ಸಾವಿರಾರು ಮೈಲಿ ಪ್ರಯಾಣ ಮಾಡಿ, ಕೈತುಂಬ ಹಣ ಸುರಿದು, ದಿನವೆಲ್ಲ ಬಿಸಿಲಿನಲ್ಲಿ ನಿಂತು, ಕೊನೆಗೆ ಸಿಕ್ಕ ಒಂದೇ ಒಂದು ಮೀನನ್ನು ತಾವಾಗಿಯೇ ನೀರಿಗೆ ಬಿಟ್ಟು, ಆ ಬರಿಗೈಯನ್ನೇ ಹೆಮ್ಮೆಯಿಂದ ತೋರಿಸುವ ಬೇಟೆಗಾರರೂ ಈ ಲೋಕದಲ್ಲಿ ಉಂಟು. ಅಂಥವರನ್ನು ಕಾಣಬೇಕಾದರೆ ಅಟ್ಲಾಂಟಿಕ್ ಸಾಗರದ ಬಹಾಮಾ ದ್ವೀಪಗಳಿಗೆ ಹೋಗಬೇಕು. "ಬಿಡುವುದೇ ಆದರೆ ಹಿಡಿಯುವುದೇತಕ್ಕೆ?" ಎಂದು ಮನೆಯ ಹಿರಿಯರು ಕೇಳಿಯಾರು. ಪ್ರಶ್ನೆ ನ್ಯಾಯವಾದುದೇ. ಅದರ ಉತ್ತರ ಆ ದ್ವೀಪಗಳ ನೀರಿನಲ್ಲಿ, ಆ ಮೀನಿನ ಬಾಳಿನಲ್ಲಿ, ಅಲ್ಲಿಯ ದೋಣಿಗಾರರ ಸಂಸಾರಗಳಲ್ಲಿ ಅಡಗಿದೆ.

ಅಮೆರಿಕದ ಫ್ಲಾರಿಡಾ ತೀರಕ್ಕೆ ಸುಮಾರು 80 ಕಿಲೋಮೀಟರು ದೂರದಲ್ಲಿರುವ ಬಿಮಿನಿಯಿಂದ ಮೊದಲಾಗಿ ಆಗ್ನೇಯ ದಿಕ್ಕಿಗೆ ಚದರಿಕೊಂಡಿರುವ ಸುಮಾರು 700 ದ್ವೀಪಗಳೇ ಬಹಾಮಾ. ಇವುಗಳಲ್ಲಿ ಜನರು ಮನೆ ಕಟ್ಟಿಕೊಂಡಿರುವುದು ಮೂವತ್ತರಷ್ಟರಲ್ಲಿ ಮಾತ್ರ. 1973ರ ಜುಲೈ 10ರಂದು ಈ ನಾಡು ಬ್ರಿಟಿಷರ ಆಳ್ವಿಕೆಯಿಂದ ಸ್ವತಂತ್ರವಾಯಿತು. ದ್ವೀಪಗಳ ಬುಡದಲ್ಲಿರುವುದು ಸುಣ್ಣಕಲ್ಲಿನ ವಿಶಾಲವಾದ ಜಗಲಿ. ಅದರ ಮೇಲೆ ಸಮುದ್ರವು ತೆಳುವಾದ ಹೊದಿಕೆಯಂತೆ ಹಾಸಿಕೊಂಡಿದೆ. ಎಷ್ಟೋ ಕಡೆ ದಡದಿಂದ ಬಹುದೂರ ನಡೆದರೂ ನೀರು ಮೊಣಕಾಲು ದಾಟದು. ಬಿಳಿಯ ಮರಳು, ಅಲ್ಲಲ್ಲಿ ಕಡಲ ಹುಲ್ಲು, ಅಂಚಿನಲ್ಲಿ ಬೇರುಗಳನ್ನು ನೀರಿಗಿಳಿಸಿ ನಿಂತ ಕಾಂಡ್ಲಾ ಗಿಡಗಳು. ಇಂಥ ಜಲದ ಬಯಲುಗಳಿಗೆ ಇಂಗ್ಲಿಷಿನಲ್ಲಿ 'ಫ್ಲ್ಯಾಟ್ಸ್' ಎಂದು ಹೆಸರು. ದಿನಕ್ಕೆರಡು ಬಾರಿ ಭರತ ಬಂದು ಬಯಲನ್ನು ಮುಳುಗಿಸುತ್ತದೆ. ಎರಡು ಬಾರಿ ಇಳಿತವಾಗಿ ಮರಳು ಮೇಲೆ ಕಾಣುತ್ತದೆ.

ಭರತದ ನೀರಿನೊಡನೆ ಬಯಲಿಗೆ ಮೇಯಲು ಬರುವುದು ಬೋನ್‌ಫಿಶ್ ಎಂಬ ಮೀನು. ಮೈತುಂಬ ಸಣ್ಣ ಮುಳ್ಳುಗಳಿರುವುದರಿಂದ ಈ ಹೆಸರು. ಶಾಸ್ತ್ರಜ್ಞರು ಇಟ್ಟಿರುವ ಹೆಸರು ಆಲ್ಬುಲಾ ವಲ್ಪಿಸ್. ಆ ಲ್ಯಾಟಿನ್ ಪದಗಳಲ್ಲಿ ಬಿಳುಪೂ ಇದೆ, ನರಿಯೂ ಇದೆ. ಮೀನಿಗೆ ಎರಡೂ ಒಪ್ಪುತ್ತವೆ. ಸಾಮಾನ್ಯವಾಗಿ ಒಂದರಿಂದ ಮೂರು ಕಿಲೋಗ್ರಾಂ ತೂಗುವ ಈ ಜೀವಿಯ ಹುರುಪೆಗಳು ಕನ್ನಡಿಯಂತೆ ಸುತ್ತಣ ಬಣ್ಣವನ್ನೇ ಪ್ರತಿಫಲಿಸುತ್ತವೆ. ಮರಳಿನ ಮೇಲೆ ಮರಳಾಗಿ, ಹುಲ್ಲಿನ ಮೇಲೆ ಹುಲ್ಲಾಗಿ, ಕಣ್ಣೆದುರಿಗಿದ್ದೂ ಅದು ಕಾಣಿಸದು. ಕೆಳಮುಖವಾದ ಬಾಯಿಂದ ಮರಳನ್ನು ಕೆದಕಿ ಏಡಿ, ಸೀಗಡಿ, ಚಿಪ್ಪುಹುಳುಗಳನ್ನು ಹೆಕ್ಕಿ, ಗಂಟಲಿನಲ್ಲಿರುವ ಗಟ್ಟಿ ಹಲ್ಲುಗಳಿಂದ ಅರೆದು ನುಂಗುತ್ತದೆ. ತೀರ ತೆಳುನೀರಿನಲ್ಲಿ ತಲೆ ತಗ್ಗಿಸಿ ಮೇಯುವಾಗ ಬಾಲದ ತುದಿ ಮಾತ್ರ ನೀರಿನಿಂದ ಮೇಲೆದ್ದು ಬಿಸಿಲಿಗೆ ಮಿನುಗುತ್ತದೆ. ಆ ಮಿನುಗಿಗಾಗಿಯೇ ಬೇಟೆಗಾರ ಗಂಟೆಗಟ್ಟಲೆ ಕಾಯುತ್ತಾನೆ.

ಅವನ ಆಯುಧವೂ ವಿಚಿತ್ರವೇ. ಗಾಳಕ್ಕೆ ಹುಳುವನ್ನಾಗಲಿ ಮಾಂಸವನ್ನಾಗಲಿ ಚುಚ್ಚುವುದಿಲ್ಲ. ಕೂದಲು, ಹಕ್ಕಿಯ ಗರಿ, ಹೊಳೆಯುವ ದಾರಗಳನ್ನು ಕೊಕ್ಕೆಗೆ ಸುತ್ತಿ ಸೀಗಡಿಯನ್ನೋ ಪುಟ್ಟ ಮೀನನ್ನೋ ಹೋಲುವ ಬೊಂಬೆ ಮಾಡುತ್ತಾರೆ. ಇದಕ್ಕೆ 'ಫ್ಲೈ', ಎಂದರೆ ನೊಣ, ಎಂದು ಹೆಸರು. ಹೊಳೆಗಳಲ್ಲಿ ನೊಣದಂಥ ಬೊಂಬೆ ಕಟ್ಟಿ ಮೀನು ಹಿಡಿಯುತ್ತಿದ್ದ ಕಾಲದಿಂದ ಉಳಿದು ಬಂದ ಮಾತು. ಗರಿಯ ಬೊಂಬೆಗೆ ತೂಕವೆಲ್ಲಿಯದು? ಅದನ್ನು ಕಲ್ಲಿನಂತೆ ಎಸೆಯಲಾಗದು. ಆದುದರಿಂದ ಇಲ್ಲಿ ತೂಕವಿರುವುದು ದಾರಕ್ಕೆ. ಒಂಬತ್ತು ಅಡಿಯ ಬಳುಕುವ ಕೋಲಿನಿಂದ ದಪ್ಪ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸಿ, ಗಾಳಿಯಲ್ಲಿ ನೀಳವಾಗಿ ಬಿಡಿಸಿ, ಹೂವಿನ ಎಸಳು ಉದುರುವಂತೆ ಬೊಂಬೆಯನ್ನು ಮೀನಿನ ಮುಂದೆ ಇಳಿಸಬೇಕು. ಇಂಥ ಬೊಂಬೆಗಳಲ್ಲಿ ಹೆಸರಾದ 'ಕ್ರೇಜಿ ಚಾರ್ಲಿ' 1977ರಲ್ಲಿ ಆ್ಯಂಡ್ರಾಸ್ ದ್ವೀಪದಲ್ಲಿ ಹುಟ್ಟಿತು. ಕಟ್ಟಿದವನು ಬಾಬ್ ನಾಹೈಮ್ ಎಂಬ ಅಮೆರಿಕದವನು. ಹೆಸರು ಮಾತ್ರ ಅವನ ಮಾರ್ಗದರ್ಶಿಯಾದ ಚಾರ್ಲಿ ಸ್ಮಿತ್ ಎಂಬ ದ್ವೀಪವಾಸಿಯದು.

ಹೆಸರು ಮಾರ್ಗದರ್ಶಿಗೆ ಸಂದುದು ಉಚಿತವೇ ಸರಿ. ಈ ಬೇಟೆಯಲ್ಲಿ ಕೈ ಪ್ರವಾಸಿಯದು, ಕಣ್ಣು ದ್ವೀಪದವನದು. ಪ್ರವಾಸಿ ದೋಣಿಯ ಮೂತಿಯಲ್ಲಿ ನಿಲ್ಲುತ್ತಾನೆ. ಮಾರ್ಗದರ್ಶಿ ಹಿಂಬದಿಯಲ್ಲಿ ನಿಂತು ಉದ್ದನೆಯ ಜಲ್ಲೆಯನ್ನು ಊರಿ ಸದ್ದಿಲ್ಲದೆ ದೋಣಿಯನ್ನು ತಳ್ಳುತ್ತಾನೆ. ಯಂತ್ರ ಮೊಳಗಿದರೆ, ಕಾಲು ಸಪ್ಪಳವಾದರೆ, ಬೋನ್‌ಫಿಶ್ ಹಿಂಡು ಕ್ಷಣಾರ್ಧದಲ್ಲಿ ಮಾಯ. ದೋಣಿಯ ಮೂತಿಯನ್ನು ಗಡಿಯಾರದ ಹನ್ನೆರಡು ಎಂದಿಟ್ಟುಕೊಂಡು, "ಹತ್ತು ಗಂಟೆಗೆ, ನಲವತ್ತು ಅಡಿ" ಎಂದು ಅವನು ಪಿಸುಗುಟ್ಟುತ್ತಾನೆ. ಪ್ರವಾಸಿಗೆ ಅಲ್ಲಿ ಕಾಣುವುದು ಬರಿಯ ನೀರು. ಮಾರ್ಗದರ್ಶಿ ಮೀನನ್ನು ಹುಡುಕುವುದಿಲ್ಲ. ಮರಳಿನ ಮೇಲೆ ಜಾರುವ ನೆರಳನ್ನು, ಗಾಳಿಯ ದಿಕ್ಕಿಗೆ ಹೊಂದದೆ ನಡುಗುವ ನೀರಿನ ಒಂದು ತುಣುಕನ್ನು ಹುಡುಕುತ್ತಾನೆ. ಈ ವಿದ್ಯೆ ಪುಸ್ತಕದಿಂದ ಬರುವುದಲ್ಲ.

ಬಿಮಿನಿಯ ಆ್ಯನ್ಸಿಲ್ ಸಾಂಡರ್ಸ್ ಈ ವಿದ್ಯೆಯಲ್ಲಿ ಪ್ರಖ್ಯಾತನಾಗಿದ್ದ ಮಾರ್ಗದರ್ಶಿ. ಮರದ ದೋಣಿಗಳನ್ನು ಕಟ್ಟುವ ಕುಶಲಕರ್ಮಿಯೂ ಹೌದು. 1971ರಲ್ಲಿ ಅವನ ನೆರವಿನಿಂದ ಒಬ್ಬ ಪ್ರವಾಸಿ ಹಿಡಿದ ಬೋನ್‌ಫಿಶ್ 16 ಪೌಂಡಿಗೂ ಮಿಗಿಲಾಗಿ ತೂಗಿತು. ಆದರೆ ಅವನ ದೋಣಿಗೆ ಕೀರ್ತಿ ತಂದುದು ಮೀನಲ್ಲ. 1964ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಬಿಮಿನಿಗೆ ಬಂದರು. ನೊಬೆಲ್ ಶಾಂತಿ ಪಾರಿತೋಷಕವನ್ನು ಸ್ವೀಕರಿಸುವಾಗ ಮಾಡಬೇಕಾದ ಭಾಷಣವನ್ನು ಸಿದ್ಧಪಡಿಸಲು ಅವರಿಗೆ ಏಕಾಂತ ಬೇಕಾಗಿತ್ತು. ಸಾಂಡರ್ಸ್ ಅವರನ್ನು ಕರೆದೊಯ್ದುದು ಕಾಂಡ್ಲಾ ಗಿಡಗಳ ನಡುವಣ ಕಿರುತೊರೆಗೆ. ಬೋನ್‌ಫಿಶ್ ಹುಡುಕಿ ತಾನು ದಿನವೂ ಹೋಗುತ್ತಿದ್ದ ಜಾಗಕ್ಕೆ. 1968ರಲ್ಲಿ, ಕೊಲೆಯಾಗುವುದಕ್ಕೆ ಮುನ್ನ, ಕಿಂಗ್ ಮತ್ತೊಮ್ಮೆ ಅದೇ ನೀರಿಗೆ ಬಂದಿದ್ದರು. ಮುಂದೆ ಅಲ್ಲಿಯೇ ಅವರ ಅರ್ಧಪ್ರತಿಮೆಯನ್ನು ನಿಲ್ಲಿಸಲಾಯಿತು. ಸದ್ದು ಮಾಡದೆ ಇರುವುದನ್ನು ಕಲಿಸುವ ನೀರು ಬೇಟೆಗಾರನೊಬ್ಬನಿಗೇ ಮೀಸಲಲ್ಲವೆಂಬುದಕ್ಕೆ ಇದೊಂದು ಸಾಕ್ಷಿ.

ಮಂಜು ಬೀಳದ ಈ ದ್ವೀಪಗಳಲ್ಲಿ ಋತುಗಳೇ ಇಲ್ಲವೆಂದು ಪ್ರವಾಸಿಗಳು ಭಾವಿಸುವುದುಂಟು. ಮೀನಿಗೆ ಮಾತ್ರ ಋತುಗಳು ಚೆನ್ನಾಗಿ ಗೊತ್ತು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಅಮೆರಿಕದ ಕಡೆಯಿಂದ ಶೀತಗಾಳಿ ಬೀಸುತ್ತದೆ. ತೆಳುನೀರು ಒಂದೇ ರಾತ್ರಿಯಲ್ಲಿ ತಣ್ಣಗಾಗುತ್ತದೆ. ಮೀನುಗಳು ಬಯಲನ್ನು ತೊರೆದು ಆಳಕ್ಕೆ ಸರಿಯುತ್ತವೆ. ಗಾಳಿ ನಿಂತು, ನಡುಹಗಲ ಬಿಸಿಲಿಗೆ ಮರಳು ಕಾದ ಮೇಲೆ ಒಂದೊಂದಾಗಿ ಮರಳುತ್ತವೆ. ಮಾರ್ಚಿಯಿಂದ ಮೇವರೆಗೆ ನೀರು ಹದವಾಗಿರುತ್ತದೆ. ಬೇಟೆಗಾರರ ಸುಗ್ಗಿ ಅದು. ಜೂನ್ ಕಳೆದರೆ ಬಯಲಿನ ನೀರು ಕಾಯಿಸಿಟ್ಟಂತೆ ಬಿಸಿಯಾಗುತ್ತದೆ. ಬಿಸಿನೀರಿನಲ್ಲಿ ಪ್ರಾಣವಾಯು ಕಡಮೆ. ಆಗ ಮೀನು ಬರುವುದು ಬೆಳಗಿನ ಜಾವಕ್ಕೆ, ಇಳಿಹೊತ್ತಿಗೆ, ಇಲ್ಲವೇ ಹೊರಗಡಲ ತಂಪು ನೀರನ್ನು ಹೊತ್ತುತರುವ ಭರತದೊಡನೆ. ಜೂನಿನಿಂದ ನವೆಂಬರಿನವರೆಗೆ ಚಂಡಮಾರುತಗಳ ಭಯವೂ ಇದ್ದೇ ಇದೆ. ಭರತದ ವೇಳೆ ದಿನದಿನಕ್ಕೆ ಸುಮಾರು ಐವತ್ತು ನಿಮಿಷ ಹಿಂದೆ ಬೀಳುತ್ತ ಹೋಗುವುದರಿಂದ ನಿನ್ನೆಯ ಲೆಕ್ಕ ಇಂದಿಗೆ ಸಲ್ಲದು. ಮಾರ್ಗದರ್ಶಿಯ ಪಂಚಾಂಗದಲ್ಲಿ ಗಾಳಿ, ಬಿಸಿಲು, ಚಂದ್ರ ಮೂರೂ ಸೇರಿರಬೇಕು.

ಚಂದ್ರನ ಪಾತ್ರ ಎಷ್ಟು ದೊಡ್ಡದೆಂಬುದು ವಿಜ್ಞಾನಿಗಳಿಗೆ ತಿಳಿದುದು ಇತ್ತೀಚೆಗೆ. ಬದುಕೆಲ್ಲ ಮೊಣಕಾಲುದ್ದದ ನೀರಿನಲ್ಲಿ ಮೇಯುವ ಈ ಮೀನು ಮೊಟ್ಟೆಯಿಡಲು ಆರಿಸಿಕೊಳ್ಳುವುದು ಆಳವಾದ ಸಾಗರವನ್ನು. ಅಕ್ಟೋಬರಿನಿಂದ ಏಪ್ರಿಲಿನವರೆಗೆ, ಹುಣ್ಣಿಮೆಯ ಆಸುಪಾಸಿನಲ್ಲಿ, ಎಷ್ಟೋ ಕಿಲೋಮೀಟರು ದೂರದ ಬಯಲುಗಳಿಂದ ಹೊರಟ ಮೀನುಗಳು ಆಳನೀರಿನ ಅಂಚಿನಲ್ಲಿ ಸಾವಿರಗಟ್ಟಲೆ ನೆರೆಯುತ್ತವೆ. ಮೇಲಕ್ಕೆ ಬಂದು ಬಂದು ಗಾಳಿಯನ್ನು ಗುಟುಕರಿಸುತ್ತವೆ. ಮುಸ್ಸಂಜೆಯಾಗುತ್ತಲೇ ದಿಬ್ಬಣವೆಲ್ಲ ಹೊರಗಡಲಿಗೆ ಸಾಗುತ್ತದೆ. ಅಬಾಕೊ ದ್ವೀಪದ ಬಳಿ ಈ ಮೀನುಗಳಿಗೆ ಪುಟ್ಟ ಯಂತ್ರಗಳನ್ನಿಟ್ಟು ಹಿಂಬಾಲಿಸಿದ ಸಂಶೋಧಕರು ಅವು ನೂರು ಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ತರುವಾಯ ಮೇಲೇರುತ್ತ ಮೊಟ್ಟೆಯಿಟ್ಟುದನ್ನು ಕಂಡರು. ಮೊಟ್ಟೆಯಿಂದ ಬಂದ ಮರಿ ಮೀನಿನಂತಿರದೆ ಗಾಜಿನ ಪಟ್ಟಿಯಂತೆ ಪಾರದರ್ಶಕವಾಗಿರುತ್ತದೆ. 41ರಿಂದ 71 ದಿನಗಳ ಕಾಲ ಪ್ರವಾಹದಲ್ಲಿ ತೇಲಿ, ದಡ ಸೇರುವಾಗ ಮೈ ಕುಗ್ಗಿಸಿಕೊಂಡು ಮೀನಿನ ರೂಪ ತಾಳುತ್ತದೆ. ತಾಯಿಮೀನುಗಳಾದರೋ ತಮ್ಮ ತಮ್ಮ ಬಯಲುಗಳಿಗೆ ಹಿಂದಿರುಗಿರುತ್ತವೆ.

ಅಪಾಯವಿರುವುದು ಇಲ್ಲಿಯೇ. ಹತ್ತಾರು ಬಯಲುಗಳ ಮೀನುಗಳು ಒಂದೆಡೆ ನೆರೆದಿರುವ ರಾತ್ರಿ ಯಾರಾದರೂ ಬಲೆ ಬೀಸಿದರೆ ಸುತ್ತಣ ನೀರೆಲ್ಲ ಬರಿದಾದೀತು. ಹಿಂದೆ ದ್ವೀಪದ ಮನೆಗಳಲ್ಲಿ ಬೋನ್‌ಫಿಶ್ ಅಡಿಗೆಯ ಸಾಮಗ್ರಿಯಾಗಿತ್ತು. ಕಿರುತೊರೆಗಳಿಗೆ ಬಲೆ ಕಟ್ಟಿ ಹಿಂಡುಹಿಂಡಾಗಿ ಹಿಡಿಯುತ್ತಿದ್ದರು. ಈಗ ಬಹಾಮಾ ಸರಕಾರದ ಕಾನೂನು ಈ ಮೀನನ್ನು ಬಲೆಯಿಂದ ಹಿಡಿಯುವುದನ್ನೂ, ಮಾರುವುದನ್ನೂ, ಕೊಳ್ಳುವುದನ್ನೂ ನಿಷೇಧಿಸಿದೆ. 2002ರಲ್ಲಿ ಆ್ಯಂಡ್ರಾಸಿನ ಪಶ್ಚಿಮ ತೀರ ರಾಷ್ಟ್ರೀಯ ಉದ್ಯಾನವಾಗಿ, 2012ರಲ್ಲಿ ಇನ್ನಷ್ಟು ವಿಸ್ತಾರಗೊಂಡಿತು. 2015ರಲ್ಲಿ ಅಬಾಕೊದ ಕ್ರಾಸ್ ಹಾರ್ಬರ್ ಎಂಬಲ್ಲಿ, ಮೀನುಗಳು ನೆರೆಯುವ ಜಾಗವನ್ನೊಳಗೊಂಡು, ಇನ್ನೊಂದು ಉದ್ಯಾನ ಘೋಷಿತವಾಯಿತು. ಇಂಥ ಜಾಗಗಳನ್ನು ಗುರುತಿಸುವುದರಲ್ಲಿ ವಿಜ್ಞಾನಿಗಳಿಗೆ ದಾರಿ ತೋರಿದವರಲ್ಲಿ ಮಾರ್ಗದರ್ಶಿಗಳೂ ಇದ್ದರು.

ಅವರ ಆಸಕ್ತಿ ಕೇವಲ ಜೀವದಯೆಯಲ್ಲ. ಅನ್ನದ ಪ್ರಶ್ನೆಯೂ ಹೌದು. ಬಲೆಗೆ ಸಿಕ್ಕ ಮೀನು ಒಂದು ಹೊತ್ತಿನ ಊಟ. ನೀರಿನಲ್ಲಿ ಉಳಿದ ಮೀನು ಇಪ್ಪತ್ತು ವರ್ಷ ಬದುಕಬಲ್ಲುದು. ಅಷ್ಟು ಕಾಲ ಪ್ರವಾಸಿಗಳನ್ನು ದೂರದೂರುಗಳಿಂದ ಕರೆತರಬಲ್ಲುದು. 2010ರ ಒಂದು ಅಧ್ಯಯನದಂತೆ ಈ ಬೇಟೆಯಿಂದ ದೇಶಕ್ಕೆ ವರ್ಷಕ್ಕೆ ಸುಮಾರು 14 ಕೋಟಿ ಡಾಲರುಗಳ ಆರ್ಥಿಕ ಪ್ರಯೋಜನವಿತ್ತು. ಅದರಲ್ಲಿ ದೊಡ್ಡ ಪಾಲು ಬೇರೆ ಉದ್ಯೋಗ ವಿರಳವಾದ ಹೊರದ್ವೀಪಗಳಿಗೆ ಸಲ್ಲುತ್ತಿತ್ತೆಂಬುದು ಗಮನಾರ್ಹ. ಬಹಾಮಾದ ಹತ್ತು ಸೆಂಟಿನ ನಾಣ್ಯದ ಮೇಲೆ ಎರಡು ಬೋನ್‌ಫಿಶ್‌ಗಳ ಚಿತ್ರವಿದೆ. ಹೊರದ್ವೀಪದ ಸಂಸಾರಗಳು ಆ ಮೀನಿಗೆ ಕಟ್ಟುವ ಬೆಲೆ ಹತ್ತು ಸೆಂಟಿನದಲ್ಲ.

ಹಾಗೆಂದು ಹಿಡಿದು ಬಿಡುವುದರಲ್ಲಿ ಹಿಂಸೆಯೇ ಇಲ್ಲವೆನ್ನಲಾಗದು. ಗಾಳಕ್ಕೆ ಸಿಕ್ಕ ಬೋನ್‌ಫಿಶ್ ನೂರಾರು ಅಡಿ ದಾರವನ್ನು ಎಳೆದುಕೊಂಡು ಓಡುತ್ತದೆ. ಕೈಸೇರುವಾಗ ಪೂರ್ತಿ ದಣಿದಿರುತ್ತದೆ. ಅದನ್ನು ನೀರಿನಿಂದೆತ್ತಿ, ಚಿತ್ರ ತೆಗೆಸಿಕೊಳ್ಳುತ್ತ ನಿಂತರೆ ಬಿಟ್ಟ ಮೇಲೂ ಅದಕ್ಕೆ ಮೈಯ ಸಮತೋಲ ಬರುವುದಿಲ್ಲ. ಹೊಯ್ದಾಡುವ ಮೀನನ್ನು ಶಾರ್ಕುಗಳೂ ಬ್ಯಾರಕೂಡಗಳೂ ಬೇಗನೆ ಹಿಡಿಯುತ್ತವೆಂದು ಎಲ್ಯೂಥೆರಾ ದ್ವೀಪದಲ್ಲಿ ನಡೆದ ಸಂಶೋಧನೆಗಳು ತೋರಿಸಿವೆ. ಆದುದರಿಂದ ತಿಳಿದ ಮಾರ್ಗದರ್ಶಿ ಗಾಳದ ಹಿಮ್ಮುಳ್ಳನ್ನು ಮೊದಲೇ ಚಪ್ಪಟೆ ಮಾಡಿಸುತ್ತಾನೆ; ಒದ್ದೆ ಕೈಯಿಂದಲೇ ಮುಟ್ಟಬೇಕೆನ್ನುತ್ತಾನೆ; ಮೀನನ್ನು ನೀರಿನಲ್ಲಿಯೇ ಇಟ್ಟು ಗಾಳ ಬಿಡಿಸುತ್ತಾನೆ; ಶಾರ್ಕ್ ಕಂಡರೆ ಆ ಬಯಲಿನ ಬೇಟೆಯನ್ನೇ ನಿಲ್ಲಿಸುತ್ತಾನೆ. ಬಿಡುವುದಕ್ಕೂ ಹಿಡಿಯುವಷ್ಟೇ ಜಾಣ್ಮೆ ಬೇಕು. ಹಿರಿಯರ ಪ್ರಶ್ನೆಗೆ ಪೂರ್ಣ ಸಮಾಧಾನ ಇದರಿಂದ ದೊರೆಯದಿರಬಹುದು. ಆದರೆ ಬಲೆಯೊಡನೆ ಹೋಲಿಸಿ ನೋಡಿದರೆ ದ್ವೀಪದ ಜನ ಯಾವುದನ್ನು ಆರಿಸಿಕೊಂಡರೆಂಬುದು ಅರ್ಥವಾಗುತ್ತದೆ.

ಆ ಆಯ್ಕೆಗೆ ಕಠಿಣ ಪರೀಕ್ಷೆ ಬಂದುದು 2019ರ ಸೆಪ್ಟೆಂಬರ್ 1ರಂದು. ಡೋರಿಯನ್ ಎಂಬ ಚಂಡಮಾರುತ ಗಂಟೆಗೆ ಸುಮಾರು 295 ಕಿಲೋಮೀಟರು ವೇಗದಲ್ಲಿ ಅಬಾಕೊ ದ್ವೀಪವನ್ನು ಅಪ್ಪಳಿಸಿ, ಬಳಿಕ ಗ್ರಾಂಡ್ ಬಹಾಮಾದ ಮೇಲೆ ಒಂದು ದಿನಕ್ಕೂ ಹೆಚ್ಚು ಕಾಲ ಕದಲದೆ ನಿಂತಿತು. ಜನರು ಸತ್ತರು, ಮನೆಗಳು, ದೋಣಿಗಳು ನಾಶವಾದವು. ಸಹಸ್ರಾರು ಎಕರೆಗಳಲ್ಲಿ ಕಾಂಡ್ಲಾ ಗಿಡಗಳು ಎಲೆಯುದುರಿಸಿ ಬೂದಿಬಣ್ಣದ ಕಡ್ಡಿಗಳಾಗಿ ನಿಂತವು. ಆ ಗಿಡಗಳ ಬೇರುಗಳೇ ಏಡಿ, ಸೀಗಡಿ, ಮರಿಮೀನುಗಳ ತೊಟ್ಟಿಲು. ಮರಳು ಕೊಚ್ಚಿಹೋಗದಂತೆ ಬಯಲನ್ನು ಹಿಡಿದಿಡುವ ಕೈಗಳೂ ಅವೇ. ಬೋನ್‌ಫಿಶ್ ಸಂರಕ್ಷಣೆಗಾಗಿ ದುಡಿಯುವ ಸಂಸ್ಥೆಯೊಂದು ಜೊತೆಗಾರರನ್ನು ಕೂಡಿಕೊಂಡು ಲಕ್ಷ ಸಸಿಗಳನ್ನು ನೆಡುವ ಕಾರ್ಯವನ್ನು ಕೈಗೊಂಡಿತು. ಮಾರ್ಗದರ್ಶಿಗಳೂ ಶಾಲೆಯ ಮಕ್ಕಳೂ ಕೆಸರಿಗಿಳಿದು ಒಂದೊಂದೇ ಸಸಿಯನ್ನು ಊರಿದರು.

ಕಾಂಡ್ಲಾ ಸಸಿ ನಿಧಾನವಾಗಿ ಬೆಳೆಯುವಂಥದು. ಕಳೆದುಹೋದ ಕಾಡಿನ ಎತ್ತರಕ್ಕೆ ಏರಲು ಅದಕ್ಕೆ ವರ್ಷಗಳು ಹಿಡಿಯುತ್ತವೆ. ನೆಟ್ಟ ಮಕ್ಕಳಲ್ಲಿ ಕೆಲವರಾದರೂ ಅಷ್ಟರೊಳಗೆ ದೊಡ್ಡವರಾಗಿ, ತಂದೆಯರ ಜಲ್ಲೆಗಳನ್ನು ಕೈಗೆತ್ತಿಕೊಂಡಿರುತ್ತಾರೆ. ಅವರು ದೋಣಿ ತಳ್ಳುವ ನೀರಿನಲ್ಲಿ ನೆರಳುಗಳು ಜಾರುತ್ತಿರಬೇಕಾದರೆ ಇಂದು ಹಿಡಿದ ಮೀನನ್ನು ಇಂದೇ ಬಿಡಬೇಕು. ಅದೂ ಈಜಿಕೊಂಡು ಹೋಗುವಂತೆ ಬಿಡಬೇಕು.