ಪರಮಪ್ರಸಾದವೆಂಬ ಪದ

ವಾಚಕರಲ್ಲೊಬ್ಬ ಗೃಹಿಣಿಯವರು ಒಂದು ಪ್ರಶ್ನೆಯನ್ನು ಕಳುಹಿಸಿರುವರು. ಕಾಮಗೆರೆಯ ಕಡೆ ಕ್ಯಾಥೊಲಿಕ್ ಮಿತ್ರರ ಮನೆಯ ಮದುವೆಗೆ ಅವರು ಸಕುಟುಂಬವಾಗಿ ಹೋಗಿದ್ದರಂತೆ. ದೇವಾಲಯದಲ್ಲಿ ಜನರು ಸಾಲಾಗಿ ಹೋಗಿ ಪ್ರಸಾದವನ್ನು ಸ್ವೀಕರಿಸುತ್ತಿದ್ದಾಗ ಇವರೂ ಎದ್ದರು. ಪಕ್ಕದವರು ಮೆಲ್ಲನೆ ಸನ್ನೆಮಾಡಿ ಕುಳ್ಳಿರಿಸಿದರು. ಊಟಕ್ಕೆ ಕರೆದವರು ಪ್ರಸಾದಕ್ಕೆ ಏಕೆ ಬೇಡವೆಂದರೆಂಬುದು ಅವರ ವ್ಯಥೆ.

ವ್ಯಥೆಯು ಸಹಜವೇ. ನಮ್ಮಲ್ಲಿ ಪ್ರಸಾದವೆಂದರೆ ಬಂದವರಿಗೆಲ್ಲ ಹಂಚತಕ್ಕ ವಸ್ತು. (ಬಂದವರೆಲ್ಲರನ್ನೂ ಗುಡಿಯೊಳಕ್ಕೆ ಬಿಡುತ್ತಿದ್ದೆವೇ ಎಂಬ ಪ್ರಶ್ನೆಯನ್ನು ನಾವು ಮರೆಯುವುದು ಮಾತ್ರ ನ್ಯಾಯವಲ್ಲ.) ಕ್ಯಾಥೊಲಿಕರಿಗಾದರೋ ಅದು ದೇವರಿಗೆ ನಿವೇದಿಸಿ ಮರಳಿ ಪಡೆದ ಪದಾರ್ಥವಲ್ಲ. ಗುರುಗಳು ಪೂಜೆಯಲ್ಲಿ ಪವಿತ್ರೀಕರಿಸಿದ ರೊಟ್ಟಿಯು ಸಾಕ್ಷಾತ್ ಕ್ರಿಸ್ತನ ಶರೀರವೇ ಆಗುವುದೆಂದು ಅವರ ನಂಬಿಕೆ. ಅದನ್ನು ಸ್ವೀಕರಿಸುವವನು ಈ ನಂಬಿಕೆ ನನ್ನದು, ಈ ಧರ್ಮಸಭೆ ನನ್ನದು ಎಂದು ಒಪ್ಪಿಕೊಂಡಂತೆ. ಆದುದರಿಂದ ಪ್ರೊಟೆಸ್ಟಂಟ್ ಕ್ರೈಸ್ತರಿಗೂ ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಘೋರಪಾಪವನ್ನು ಮಾಡಿ ಇನ್ನೂ ಪಾಪನಿವೇದನೆ ಮಾಡದ ಕ್ಯಾಥೊಲಿಕನೂ ಕುಳಿತಲ್ಲೇ ಕುಳಿತಿರತಕ್ಕದ್ದು. ಇದರಲ್ಲಿ ಅತಿಥಿಗೆ ಅವಮಾನವಿಲ್ಲ. ತಾನು ನಂಬದುದನ್ನು ನಂಬುವೆನೆಂದು ಅವರಿಂದ ಹೇಳಿಸಬಾರದೆಂಬ ಸಂಕೋಚವೇ ಇರುವುದು.

ಹಾಗಾದರೆ ಅದಕ್ಕೆ ಪ್ರಸಾದವೆಂಬ ಹೆಸರೇಕೆ? ಇಲ್ಲಿಯೇ ಸ್ವಾರಸ್ಯವಿರುವುದು. ರೋಮಿನಿಂದ ಬಂದ ರಾಬರ್ಟ್ ಡಿ ನೊಬಿಲಿ ಎಂಬ ಜೆಸ್ವಿಟ್ ಪಾದ್ರಿಯು 1606ರಲ್ಲಿ ಮಧುರೆಗೆ ಬಂದು, ಕಾಷಾಯವನ್ನುಟ್ಟು, ತಮಿಳನ್ನೂ ಸಂಸ್ಕೃತವನ್ನೂ ಕಲಿತು, ತನ್ನ ಮತವನ್ನು ಈ ದೇಶದ ಪದಗಳಲ್ಲಿಯೇ ಬೋಧಿಸತೊಡಗಿದನು. ಸ್ವಮತೀಯರೇ ಆಕ್ಷೇಪಿಸಿದರು, ವಾದವು ರೋಮಿನವರೆಗೆ ಹೋಗಿ, ಜುಟ್ಟು ಜನಿವಾರಗಳನ್ನು ಇಟ್ಟುಕೊಳ್ಳಬಹುದೆಂದು 1623ರಲ್ಲಿ ಪೋಪರು ಅನುಮತಿಯಿತ್ತರು. ಇದೇ ಪಂಥದ ಲಿಯೊನಾರ್ಡೊ ಚಿನ್ನಾಮಿ ಎಂಬುವನು 1649ರಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಶ್ರೀರಂಗಪಟ್ಟಣದಲ್ಲಿ ಮಠವನ್ನು ಸ್ಥಾಪಿಸಿ, ಕನ್ನಡಕ್ಕೆ ವ್ಯಾಕರಣವನ್ನೂ ಕನ್ನಡದಲ್ಲಿ ಜ್ಞಾನೋಪದೇಶವನ್ನೂ ರಚಿಸಿದನು.

ದೇವರಿಗೆ ಸರ್ವೇಶ್ವರ, ದೀಕ್ಷೆಗೆ ಜ್ಞಾನಸ್ನಾನ, ದೇವಪುತ್ರನು ನರನಾದುದಕ್ಕೆ ಮನುಷ್ಯಾವತಾರ, ರೊಟ್ಟಿಗೆ ಪರಮಪ್ರಸಾದ—ಇವೆಲ್ಲ ಈ ಮಾರ್ಗದ ಫಲಗಳು. ಸಂಸ್ಕೃತವನ್ನು ಓದಿದವನಿಗೆ ಇವುಗಳಲ್ಲಿ ಕೆಲವು ಬಹು ರುಚಿಸುವುವು. ಜ್ಞಾನಸ್ನಾನವೆಂಬ ಸಮಾಸವಂತೂ ಚೆಲುವಾದುದು. ಆದರೆ ಅವತಾರವೆಂದೊಡನೆ ನಮ್ಮವರ ಮನಸ್ಸು ಹತ್ತನ್ನು ಎಣಿಸುವುದು. ಹನ್ನೊಂದನೆಯದಕ್ಕೂ ಗೂಡಿನಲ್ಲಿ ಒಂದು ಸ್ಥಳವನ್ನು ಕೊಟ್ಟು ಕೈಮುಗಿಯುವುದು. ಅವರ ಮತದಲ್ಲಿ ಅದು ಒಮ್ಮೆ ಮಾತ್ರ ನಡೆದುದು. ಮತ್ತೊಂದು ಆಗಿಲ್ಲ, ಆಗುವುದೂ ಇಲ್ಲ. ಅಗ್ರಹಾರವು ಜನರ ನಾಲಗೆಯಲ್ಲಿ ಸವೆದು ಅಗರವಾದರೆ ನಮ್ಮೂರಿಗೆ ನಷ್ಟವೇನಿಲ್ಲ. ಮತದ ಪದವು ಹಾಗೆ ಸವೆದರೆ ಒಳಗಿನ ಅರ್ಥವೇ ಜಾರುವುದು.

ಪರರ ಪದವನ್ನು ತೆಗೆದುಕೊಂಡು ತಮ್ಮ ಅರ್ಥವನ್ನು ತುಂಬುವುದು ಕಪಟವೆಂದು ಕೆಲವರು ಹೇಳುವುದುಂಟು. ನಾನು ಒಪ್ಪಲಾರೆ. ಬೌದ್ಧರೂ ಜೈನರೂ ಧರ್ಮವೆಂಬ ಪದವನ್ನೇ ತಮ್ಮತಮ್ಮ ಅರ್ಥದಲ್ಲಿ ಬಳಸಿದರು; ಅವರನ್ನು ಯಾರೂ ಕಳ್ಳರೆನ್ನಲಿಲ್ಲ. ಅರ್ಥಭೇದವನ್ನು ಕೇಳಿದವರಿಗೆ ಬಿಡಿಸಿ ಹೇಳದೆ ಮರೆಮಾಚಿದರೆ ಮಾತ್ರ ಆ ಆಕ್ಷೇಪವು ಸಲ್ಲುವುದು. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ, ಬಲಾತ್ಕಾರದಿಂದಾಗಲಿ ಆಮಿಷದಿಂದಾಗಲಿ ಯಾರನ್ನೂ ಮತಕ್ಕೆ ಸೆಳೆಯಕೂಡದೆಂದು ತನ್ನವರಿಗೇ ವಿಧಿಸಿತು. ನಮ್ಮ ಸಂವಿಧಾನದ 25ನೆಯ ಅನುಚ್ಛೇದವು ಮತವನ್ನು ಪ್ರಚಾರಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ತತ್ತ್ವವನ್ನು ವಿವರಿಸುವ ಹಕ್ಕೇ ಅದು, ಪರರನ್ನು ಮತಾಂತರಗೊಳಿಸುವ ಹಕ್ಕಲ್ಲವೆಂದು 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಎಂದಮೇಲೆ ವಿವರಣೆಯೇ ಮುಖ್ಯವಾಗಿ ಉಳಿಯಿತು.

ಆ ಕಾರ್ಯದಲ್ಲಿ ನಿರಾಶನಾದವನೂ ನಮ್ಮ ಸೀಮೆಯಲ್ಲಿದ್ದನು. ಶ್ರೀರಂಗಪಟ್ಟಣವು ಬಿದ್ದ ಬಳಿಕ ಬಂದ ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿಯು ಈ ದೇಶದವರಂತೆಯೇ ಉಟ್ಟು ಉಂಡು, ಜನರ ಆಚಾರಗಳ ಮೇಲೆ ಪ್ರಸಿದ್ಧವಾದ ಗ್ರಂಥವನ್ನು ಬರೆದು, 1823ರಲ್ಲಿ ಸ್ವದೇಶಕ್ಕೆ ಮರಳಿದನು. ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸವೆಂದು ಆ ವರ್ಷವೇ ಅಚ್ಚಾದ ಅವನ ಪತ್ರಗಳಲ್ಲಿದೆ. ಇತ್ತ ಹನೂರು ತಾಲ್ಲೂಕಿನ ಮಾರ್ಟಳ್ಳಿಯಲ್ಲಿ ಇಂದು ಬಹುಮಂದಿ ಕ್ಯಾಥೊಲಿಕರೇ ಇರುವರು. ಅವರ ಮನೆಮಾತು ತಮಿಳು. ತಮಿಳು ಕ್ಯಾಥೊಲಿಕರು ಅದೇ ಸಂಸ್ಕಾರವನ್ನು ನರ್ಕರುಣೈ ಎನ್ನುವರು, ಒಳ್ಳೆಯ ಕರುಣೆ ಎಂದರ್ಥ. ಆ ಪದವನ್ನು ಮೊದಲ ಸಲ ಕೇಳಿದ ನೆರೆಯವರು ಅದೇನೆಂದು ವಿಚಾರಿಸದೆ ಎದ್ದು ನಿಲ್ಲುವ ಸಂಭವವು ಕಡಮೆ.