ಸೊಸಿದಲ್ಲ, ಫೋನಿಂದ ತಪ್ಪು

ನಮ್ಮ ಸೊಸಿ ಆಫೀಸಿನ ವೈಫೈ ಕಾಲ್‌ನ್ಯಾಗ ಮಾತಾಡ್ತನ ಮಾಳಿಗಿಯಿಂದ ಕೆಳಗಿಳಿದ್ರ ಮಾತು ತುಂಡಾಗ್ತಿತ್ತು. "ಒಂದ ಕಡೆ ಕೂಡವಾ" ಅಂತ ನಾನೂ ಬೈದೀನಿ. ಕೂಸು ಅತ್ರ ಹೆಂಗ ಕೂಡಬೇಕು ಆಕಿ? ಬೈಯೂದ ತಪ್ಪು ಅಂತೀನೀಗ.

ಮ್ಯಾಲೊಂದು, ಕೆಳಗೊಂದು ವೈಫೈ ಡಬ್ಬಿ ಅದಾವ. ಯಾವುದನ್ನ ಹಿಡೀಬೇಕಂತ ನಿರ್ಧಾರ ಮಾಡೂದು ಫೋನು, ಡಬ್ಬಿ ಅಲ್ಲ. ಕೆಳಗ ಬಂದ್ರೂ ಮ್ಯಾಲಿಂದನ್ನ ಬಿಡೂದಿಲ್ಲ, ತವರು ಬಿಡದ ಮದುಮಗಳಂಗ. 5 ಗಿಗಾಹರ್ಟ್ಸ್ ಜೋರು, ಆದ್ರ ಗ್ವಾಡಿಗೆ ಸೋಲ್ತದ, 2.4 ನಿಧಾನ, ದೂರ ಮುಟ್ತದ. ಮನಿಯವರು ಮೂರನೇ ಡಬ್ಬಿ ತರೋಣಂದ್ರು. ದಂಡ ಯಾಕ? ಮಗ ಎರಡಕ್ಕೂ ಒಂದ ಹೆಸರು, ಒಂದ ಪಾಸ್‌ವರ್ಡ್ ಇಟ್ಟು, ಮ್ಯಾಲಿನ ಡಬ್ಬಿ ಪವರ್ ತಗ್ಗಿಸಿದ. ಈಗ ಫೋನು ಲಗೂನ ಕೆಳಗಿಂದನ್ನ ಹಿಡೀತದ.

ಮೆಟ್ಟಲದಾಗ ಒಮ್ಮೊಮ್ಮೆ ಅರ್ಧ ಮಾತು ನುಂಗ್ತದ ಇನ್ನೂ. ಆವಾಗ ಕೂಸಿನ್ನ ನಾ ಎತ್ತಿಕೋತೀನಿ.